ಕೀಲೆಣ್ಣೆಯ ವಿದ್ಯೆ

ರೂಬಿಕ್ ಘನವೆಂಬ ಆಟಿಕೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಈಗ ಬಲ್ಲರು. ಆರು ಮುಖ, ಆರು ಬಣ್ಣ, ಮುಖವೊಂದಕ್ಕೆ ಒಂಬತ್ತು ಚೌಕ. ಕದಡಿದ ಬಣ್ಣಗಳನ್ನು ಪದರ ಪದರವಾಗಿ ತಿರುವುತ್ತ ಮತ್ತೆ ಆಯಾ ಮುಖಕ್ಕೆ ಕೂಡಿಸುವುದೇ ಆಟ. ಇದನ್ನು ಕುರಿತು ಹಿರಿಯರಲ್ಲಿ ಎರಡು ಅಭಿಪ್ರಾಯಗಳುಂಟು. ಇದು ಕಾಲಹರಣದ ಸಾಧನ, ತರಗತಿಯಲ್ಲಿ ಕಂಡ ಕೂಡಲೇ ಕಸಿದಿಟ್ಟುಕೊಳ್ಳತಕ್ಕದ್ದು ಎಂಬುದು ಒಂದು. ಇದು ಬುದ್ಧಿಯನ್ನು ಬೆಳೆಸತಕ್ಕ ಸಾಧನ, ಶುಲ್ಕ ತೆತ್ತಾದರೂ ಮಕ್ಕಳಿಗೆ ಕಲಿಸತಕ್ಕದ್ದು ಎಂಬುದು ಇನ್ನೊಂದು. ಇವೆರಡೂ ಘನದ ಹೊರಮೈಯನ್ನು ಮಾತ್ರ ಕಂಡವರ ಮಾತುಗಳೆಂದು ನನಗೆ ತೋರುತ್ತದೆ. ನಾನು ಇಲ್ಲಿ ಮೂರನೆಯ ಪಕ್ಷವನ್ನು ಹಿಡಿಯಹೊರಟಿದ್ದೇನೆ. ಘನವನ್ನು ಬಿಡಿಸುವವನಿಗಿಂತಲೂ ಘನವನ್ನು ಬಿಚ್ಚುವವನನ್ನು ನಾವು ಹೆಚ್ಚಾಗಿ ಆದರಿಸಬೇಕು ಎಂಬುದೇ ಆ ಪಕ್ಷ.

ಬಿಡಿಸುವವರ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಪಟ್ಟಣಗಳಲ್ಲಿ ಈಗ ಘನವನ್ನು ಕಲಿಸುವ ತರಗತಿಗಳು ನಡೆಯುತ್ತಿವೆ. ಅಲ್ಲಿ ಹೇಳಿಕೊಡುವುದು ಸೂತ್ರಗಳನ್ನು. ಇಂಥ ಬಣ್ಣ ಇಂಥ ಸ್ಥಾನದಲ್ಲಿ ಕಂಡರೆ ಬಲದ ಪದರವನ್ನು ಮೇಲಕ್ಕೆ, ಮೇಲಿನ ಪದರವನ್ನು ಎಡಕ್ಕೆ, ಬಲದ ಪದರವನ್ನು ಮತ್ತೆ ಕೆಳಕ್ಕೆ ಎಂಬ ಬಾಯಿಪಾಠ. ನೆನಪಿಗೂ ಬೆರಳುಗಳಿಗೂ ಇದು ಒಳ್ಳೆಯ ಸಾಧನೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೂತ್ರವು ಏತಕ್ಕೆ ಫಲಿಸುತ್ತದೆಯೆಂಬುದನ್ನು ಅರಿಯದೆ ಅದನ್ನು ಒಪ್ಪಿಸುವ ಬಾಲಕನು, ಗೈಡಿನಿಂದ ಉತ್ತರವನ್ನು ಉರುಹೊಡೆದು ಬರೆಯುವ ಬಾಲಕನಿಗಿಂತ ಹೇಗೆ ಮೇಲಾದಾನು? ನಮ್ಮ ಶಿಕ್ಷಣದ ಹಳೆಯ ರೋಗವೇ ಹೊಸ ಬಣ್ಣ ಬಳಿದುಕೊಂಡು ಬಂದಿದೆ, ಅಷ್ಟೇ.

ಈ ಆಟಿಕೆಯು ಹುಟ್ಟಿದ ಬಗೆಯನ್ನು ನೋಡಿದರೆ ನನ್ನ ಪಕ್ಷಕ್ಕೆ ಬಲ ಬರುತ್ತದೆ. ೧೯೭೪ರಲ್ಲಿ ಹಂಗೆರಿಯ ಬುಡಾಪೆಸ್ಟಿನಲ್ಲಿ ವಾಸ್ತುಶಿಲ್ಪದ ಅಧ್ಯಾಪಕರಾಗಿದ್ದ ಎರ್ನೋ ರೂಬಿಕ್ ಅವರನ್ನು ಕಾಡಿದ್ದು ಬಣ್ಣಗಳನ್ನು ಕೂಡಿಸುವ ಪ್ರಶ್ನೆಯಲ್ಲ. ಸಣ್ಣ ಸಣ್ಣ ಘನಗಳು ಒಂದಕ್ಕೊಂದು ಅಂಟಿಕೊಂಡಿರಬೇಕು, ಆದರೂ ಎಲ್ಲ ದಿಕ್ಕಿಗೂ ತಿರುಗಬೇಕು, ತಿರುಗಿದರೂ ಕಳಚಿ ಬೀಳಬಾರದು. ಇದು ಸಾಧ್ಯವೇ ಎಂಬ ಯಂತ್ರರಚನೆಯ ಪ್ರಶ್ನೆ. ರಬ್ಬರ್ ಪಟ್ಟಿಗಳಿಂದ ಬಿಗಿದು ನೋಡಿದ್ದು ಹರಿದುಹೋಯಿತು. ಕೊನೆಗೆ ಬಿಲ್ಲೆಗಳ ಆಕಾರವೇ ಒಂದನ್ನೊಂದು ಹಿಡಿದುಕೊಳ್ಳುವಂತೆ ಕೊರೆದಾಗ ಕೆಲಸ ಕೈಗೂಡಿತು. ಅನಂತರ ಬಣ್ಣ ಹಚ್ಚಿ ತಿರುವಿದ ಮೇಲೆಯೇ ಇದೊಂದು ಒಗಟೂ ಆಗಿದೆಯೆಂದು ಅವರಿಗೆ ತಿಳಿದದ್ದು. ತಾವು ಮಾಡಿದ ಒಗಟನ್ನು ತಾವೇ ಬಿಡಿಸಲು ಅವರಿಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತಂತೆ. ಒಗಟು ಉಪಫಲ, ಮೂಲ ಸಾಧನೆ ಒಳಗಿನ ರಚನೆ. ನಾವೋ ಉಪಫಲವನ್ನು ಪೂಜಿಸಿ ಮೂಲವನ್ನು ಪ್ಲಾಸ್ಟಿಕ್ಕಿನ ಹಿಂದೆ ಮರೆತಿದ್ದೇವೆ.

ಆ ಒಳಗನ್ನು ನೋಡೋಣ. ಮುಖವೊಂದನ್ನು ಅರ್ಧ ತಿರುವಿ, ಅಂಚಿನ ಬಿಲ್ಲೆಯೊಂದನ್ನು ಹೆಬ್ಬೆರಳಿನಿಂದ ಮೆಲ್ಲನೆ ಮೀಟಿದರೆ ಅದು ಹೊರಬರುತ್ತದೆ, ಮಿಕ್ಕವು ಹಿಂಬಾಲಿಸುತ್ತವೆ. ಹೊರಗೆ ಕಾಣುವುದು ೨೬ ಬಿಲ್ಲೆಗಳು: ಮೂರು ಬಣ್ಣದ ಮೂಲೆಬಿಲ್ಲೆಗಳು ೮, ಎರಡು ಬಣ್ಣದ ಅಂಚುಬಿಲ್ಲೆಗಳು ೧೨, ಒಂದೇ ಬಣ್ಣದ ನಡುಬಿಲ್ಲೆಗಳು ೬. ಒಳಗೆ ಆರು ಕೈಗಳುಳ್ಳ ಒಂದು ಅಚ್ಚು. ಪ್ರತಿಯೊಂದು ಕೈಗೂ ಒಂದು ನಡುಬಿಲ್ಲೆಯನ್ನು ಸ್ಕ್ರೂವಿನಿಂದ ಬಿಗಿದಿದೆ. ಸ್ಕ್ರೂವಿನ ತಲೆಗೂ ಬಿಲ್ಲೆಗೂ ನಡುವೆ ಒಂದು ಸ್ಪ್ರಿಂಗು, ಸವೆಯದಿರಲು ಒಂದು ವಾಷರು. ಮೂಲೆಬಿಲ್ಲೆಯ ಕಾಲು ಅಂಚುಬಿಲ್ಲೆಗಳ ಅಡಿಗೆ ಸಿಕ್ಕಿಕೊಂಡಿದೆ. ಅಂಚುಬಿಲ್ಲೆಯ ಕಾಲು ನಡುಬಿಲ್ಲೆಗಳ ಅಡಿಗೆ ಸಿಕ್ಕಿಕೊಂಡಿದೆ. ನಡುಬಿಲ್ಲೆಯನ್ನು ಸ್ಪ್ರಿಂಗು ಒಳಕ್ಕೆ ಒತ್ತುತ್ತಿದೆ. ಹೀಗೆ ೨೬ ಬಿಲ್ಲೆಗಳ ಒಗ್ಗಟ್ಟೆಲ್ಲವೂ ಆರು ಸ್ಪ್ರಿಂಗುಗಳ ಮೇಲೆ ನಿಂತಿದೆ. ವೇಗವಾಗಿ ಬಿಡಿಸುವವರು ಹದಗೊಳಿಸುವುದೆಂದರೆ ಬಹುಮಟ್ಟಿಗೆ ಈ ಆರನ್ನು ಹದಗೊಳಿಸುವುದು.

ಇನ್ನು ಪದವಿಪೂರ್ವ ತರಗತಿಯ ಪ್ರಯೋಗಶಾಲೆಗೆ ಬರೋಣ. ಒಂದು ಮೇಜಿನ ಮೇಲೆ ಸ್ಕ್ರೂ ಗೇಜು. ಇನ್ನೊಂದರ ಮೇಲೆ ತೂಕ ತೂಗುಬಿಟ್ಟ ಸುರುಳಿ ಸ್ಪ್ರಿಂಗು. ಮೂರನೆಯದರ ಮೇಲೆ ಘರ್ಷಣೆಯ ಗುಣಾಂಕವನ್ನು ಅಳೆಯುವ ಮರದ ದಿಮ್ಮಿ. ನಾಲ್ಕನೆಯದರ ಮೇಲೆ ಎಣ್ಣೆ ತುಂಬಿದ ಗಾಜಿನ ಕೊಳವೆ. ಅದರಲ್ಲಿ ಗುಂಡು ಇಳಿಯುವ ವೇಗದಿಂದ ಎಣ್ಣೆಯ ಸ್ನಿಗ್ಧತೆಯನ್ನು ಕಂಡುಹಿಡಿಯಬೇಕು. ಈ ನಾಲ್ಕು ಪ್ರಯೋಗಗಳನ್ನು ನಾಲ್ಕು ವಾರ ಮಾಡಿ, ನಾಲ್ಕು ಹಾಳೆಗಳಲ್ಲಿ ಬರೆದು, ವಿದ್ಯಾರ್ಥಿಯು ನಾಲ್ಕನ್ನೂ ಬೇರೆ ಬೇರೆಯಾಗಿ ಮರೆಯುತ್ತಾನೆ. ಅವು ನಾಲ್ಕೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಕೆಲಸಮಾಡುತ್ತಿರುವುದನ್ನು ಅವನು ಕಾಣಬೇಕಾದರೆ ಘನವನ್ನು ಬಿಚ್ಚಿದರೆ ಸಾಕು.

ಹೇಗೆಂದು ವಿವರಿಸುತ್ತೇನೆ. ಸ್ಕ್ರೂವಿನ ಎಳೆಗಳ ಅಂತರವು ೧ ಮಿಲಿಮೀಟರ್ ಎಂದಿಟ್ಟುಕೊಂಡರೆ, ಅದನ್ನು ಕಾಲು ಸುತ್ತು ಬಿಗಿದಾಗ ಸ್ಪ್ರಿಂಗು ೦.೨೫ ಮಿಲಿಮೀಟರ್ ಕುಗ್ಗುತ್ತದೆ. ಇದು ಸ್ಕ್ರೂ ಗೇಜಿನ ತತ್ತ್ವವೇ. ತಿರುಗುವಿಕೆಯನ್ನು ಸಣ್ಣ ಉದ್ದವನ್ನಾಗಿ ಮಾರ್ಪಡಿಸುವ ಉಪಾಯ. ಎಷ್ಟು ಕುಗ್ಗಿತೋ ಅಷ್ಟಕ್ಕೆ ಅನುಗುಣವಾಗಿ ಸ್ಪ್ರಿಂಗಿನ ಬಲ ಹೆಚ್ಚುತ್ತದೆಂಬುದು ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದ ನಿಯಮ. ಆ ಬಲವು ಪದರವನ್ನು ಪದರಕ್ಕೆ ಒತ್ತುತ್ತದೆ. ಒತ್ತುವ ಬಲಕ್ಕೆ ಅನುಗುಣವಾಗಿ ಘರ್ಷಣೆ ಹೆಚ್ಚುತ್ತದೆಂಬುದು ಫ್ರಾನ್ಸಿನ ಅಮಾಂಟನ್ಸ್ ೧೬೯೯ರಲ್ಲಿ ಹೇಳಿದ್ದು. ೧೭೮೫ರಲ್ಲಿ ಕೂಲಂಬ್ ಅದನ್ನು ವಿಸ್ತಾರವಾಗಿ ಪರೀಕ್ಷಿಸಿದರು. ಆದುದರಿಂದ ಸ್ಕ್ರೂವಿನ ಸುತ್ತು, ಸ್ಪ್ರಿಂಗಿನ ಬಲ, ಪದರದ ಘರ್ಷಣೆ, ಈ ಮೂರೂ ಒಂದೇ ಸರಪಣಿಯ ಕೊಂಡಿಗಳು. ಒಂದು ತುದಿಯಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ಇನ್ನೊಂದು ತುದಿಯ ಫಲವು ಬೆರಳಿಗೆ ತಿಳಿಯುತ್ತದೆ.

ಹಾಗಾದರೆ ಸ್ಕ್ರೂಗಳನ್ನು ಆದಷ್ಟು ಸಡಿಲಿಸಿದರೆ ಘನವು ಆದಷ್ಟು ವೇಗವಾಗಿ ತಿರುಗೀತಲ್ಲವೇ ಎಂದು ಕೇಳಬಹುದು. ತಿರುಗುತ್ತದೆ, ಎರಡು ಮೂರು ಸೆಕೆಂಡು. ಆಮೇಲೆ ಬಿಲ್ಲೆಗಳು ಸಿಡಿದು ಕೊಠಡಿಯ ಮೂಲೆಗೆ ಹಾರುತ್ತವೆ. ಅಷ್ಟೇ ಅಲ್ಲ, ಸಡಿಲವಾದ ಪದರವು ತನ್ನ ಜಡತ್ವದಿಂದಲೇ ತೊಂಬತ್ತು ಡಿಗ್ರಿಯನ್ನು ದಾಟಿ ಮುಂದೆ ಹೋಗುತ್ತದೆ; ಆಟಗಾರನು ಹಿಂದಕ್ಕೆ ಎಳೆಯಬೇಕಾಗುತ್ತದೆ. ಬಿಗಿಯಾದರೆ ಬೇರೆ ತೊಂದರೆ. ನುರಿತವನು ಹತ್ತು ಸೆಕೆಂಡಿನಲ್ಲಿ ಸುಮಾರು ಅರುವತ್ತು ತಿರುವುಗಳನ್ನು ಮಾಡುತ್ತಾನೆ. ಸೆಕೆಂಡಿಗೆ ಆರು ತಿರುವಿನ ಅವಸರದಲ್ಲಿ ಯಾವ ಪದರವೂ ನೇರಕ್ಕೆ ಬಂದು ನಿಲ್ಲುವುದಿಲ್ಲ. ಒಂದು ಇನ್ನೂ ಹತ್ತು ಹದಿನೈದು ಡಿಗ್ರಿ ಓರೆಯಾಗಿರುವಾಗಲೇ ಅದಕ್ಕೆ ಅಡ್ಡವಾದ ಇನ್ನೊಂದನ್ನು ತಿರುವಿರುತ್ತಾನೆ. ಬಿಗಿಯಾದ ಘನ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಹದವಾದ ಘನದಲ್ಲಿ ಬಿಲ್ಲೆಯ ದುಂಡಾದ ಪಕ್ಕವು ಬೆಣೆಯಂತೆ ನುಗ್ಗುತ್ತದೆ, ಸ್ಪ್ರಿಂಗುಗಳು ಒಂದು ಗಳಿಗೆ ಇನ್ನಷ್ಟು ಕುಗ್ಗಿ ದಾರಿಕೊಡುತ್ತವೆ, ಮರುಗಳಿಗೆಯೇ ಹಿಗ್ಗಿ ಓರೆಯಾದ ಪದರವನ್ನು ಸ್ವಸ್ಥಾನಕ್ಕೆ ಎಳೆದುಕೊಳ್ಳುತ್ತವೆ. ಕೂಡಿಟ್ಟ ಶಕ್ತಿಯನ್ನು ಸ್ಪ್ರಿಂಗು ಹಿಂದಿರುಗಿಸುವುದೆಂದರೆ ಇದೇ. ಬೇಕಾದದ್ದು ಕನಿಷ್ಠ ಘರ್ಷಣೆಯಲ್ಲ, ತಕ್ಕ ಘರ್ಷಣೆ. ಚನ್ನಪಟ್ಟಣದ ಬೊಂಬೆಗಾರನಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಬಿಸಿಯೇ ಅರಗನ್ನು ಕರಗಿಸಿ ಬಣ್ಣವನ್ನು ಹಚ್ಚುತ್ತದೆ. ಒತ್ತು ಕಡಿಮೆಯಾದರೆ ಬಣ್ಣ ಹತ್ತದು, ಹೆಚ್ಚಾದರೆ ಮೈ ಕೆಡುತ್ತದೆ.

ಚಂದಕವಾಡಿಯ ಕಡೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಓದಲು ಬರುವ ಹುಡುಗರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಸೈಕಲ್ ಚಕ್ರದ ಗುಂಬವನ್ನು ಬಿಚ್ಚಿ, ಗುಂಡುಗಳಿಗೆ ಗ್ರೀಸು ಮೆತ್ತಿ, ಕೋನನ್ನು ಬಿಗಿಯುವುದನ್ನು ಅವರು ಕಂಡಿದ್ದಾರೆ, ಕೆಲವರು ಮಾಡಿಯೂ ಇದ್ದಾರೆ. ಕೋನು ಬಿಗಿಯಾದರೆ ಚಕ್ರ ಹಿಡಿಯುತ್ತದೆ, ಸಡಿಲವಾದರೆ ಅಲ್ಲಾಡುತ್ತದೆ. ಎರಡರ ನಡುವೆ ಕಾಲು ಸುತ್ತಿನ ಹದವುಂಟು. ಬಾವಿಗೆ ಇಳಿಸಿದ ಕೊಳವೆಯ ಫುಟ್‌ವಾಲ್ವನ್ನು ಅಪ್ಪನ ಜೊತೆಯಲ್ಲಿ ಬಿಚ್ಚಿ ಚರ್ಮದ ವಾಷರನ್ನು ಬದಲಿಸುವ ಹುಡುಗನು ಪ್ರಯೋಗಶಾಲೆಗೆ ಬಂದ ಕೂಡಲೇ ಕೇಳುವ ಮೊದಲ ಮಾತು ಯಾವುದು? "ಮುಟ್ಟಬೇಡ." ಕಾಲೇಜೊಂದರಲ್ಲಿ ಗ್ಯಾಲ್ವನೋಮೀಟರುಗಳನ್ನು ವರ್ಷದ ಒಂಬತ್ತು ತಿಂಗಳು ಬೀರುವಿನಲ್ಲಿಟ್ಟು ಬೀಗ ಹಾಕಿ, ಪರೀಕ್ಷೆಯ ಹಿಂದಿನ ವಾರ ಹೊರತೆಗೆಯುತ್ತಿದ್ದುದನ್ನು ನಾನು ಬಲ್ಲೆ. ಮುರಿದರೆ ಲೆಕ್ಕ ಯಾರು ಕೊಡುವವರೆಂಬ ಭಯ ಅದಕ್ಕೆ ಕಾರಣ; ಆ ಭಯ ನಿರಾಧಾರವೆಂದೂ ಹೇಳಲಾರೆ. ಆದರೆ ಮುಟ್ಟದೆ ಕಲಿತ ವಿದ್ಯಾರ್ಥಿಯು ಹಳೆಯ ದಾಖಲೆ ಪುಸ್ತಕದಿಂದ ಅಂಕಿಗಳನ್ನು ನಕಲು ಮಾಡುತ್ತಾನೆ. ಐದು ಅಳತೆಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುತ್ತವೆ. ನಾವು ಅದರ ಕೆಳಗೆ ಸಹಿ ಹಾಕುತ್ತೇವೆ. ಹಳ್ಳಿಯ ಹುಡುಗನ ಕೈಗೆ ಮೊದಲೇ ಬಂದಿದ್ದ ವಿದ್ಯೆಯನ್ನು ನಾವು ಕಾಲೇಜಿನ ಬಾಗಿಲಲ್ಲಿ ಕಳಚಿಡಿಸಿದ ಹಾಗಾಯಿತು. ಅವನು ಹಿಂದುಳಿದವನೆಂದು ಅನಂತರ ನಾವೇ ಮರುಗುತ್ತೇವೆ!

ಎಣ್ಣೆಯ ವಿಷಯವೊಂದು ಬಾಕಿಯಿದೆ, ಅದು ಸ್ವಾರಸ್ಯವಾದದ್ದು. ಎತ್ತಿನ ಗಾಡಿಯ ಅಚ್ಚಿಗೆ ಹಾಕುವುದನ್ನು ನಮ್ಮವರು ಕೀಲೆಣ್ಣೆ ಎನ್ನುತ್ತಾರೆ. ಹಿಂದೆ ಅದು ಹೆಚ್ಚಾಗಿ ಹರಳೆಣ್ಣೆಯಿಂದಾದದ್ದು. ತೆಂಗಿನೆಣ್ಣೆ, ಎಳ್ಳೆಣ್ಣೆಗಳಿದ್ದೂ ಹರಳೆಣ್ಣೆಯನ್ನೇ ಆರಿಸಿದ್ದೇಕೆ? ಅದರ ಸ್ನಿಗ್ಧತೆ ನೀರಿಗಿಂತ ನೂರಾರು ಪಾಲು ಹೆಚ್ಚು. ಭಾರ ಹೊತ್ತ ಅಚ್ಚಿಗೂ ಗುಂಬಕ್ಕೂ ನಡುವೆ ಅದು ಹಿಂಡಿಹೋಗದೆ ನಿಲ್ಲುತ್ತದೆ. ಘನಕ್ಕೆ ಎಣ್ಣೆ ಹಾಕುವವರಿಗೆ ಈ ವಿವೇಕ ಬೇಕು. ಡಿಸೆಂಬರ್ ತಿಂಗಳಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಘನವನ್ನು ತಂದು, "ಸಾರ್, ಬೆಳಿಗ್ಗೆ ತಿರುಗೋದೇ ಇಲ್ಲ, ಮಧ್ಯಾಹ್ನ ಆದ್ರೆ ನೀರಿನಂಗೆ ತಿರುಗ್ತದೆ" ಎಂದ. ಮನೆಯ ತೆಂಗಿನೆಣ್ಣೆಯನ್ನು ಹಾಕಿದ್ದನಂತೆ. ತೆಂಗಿನೆಣ್ಣೆಯು ಸುಮಾರು ೨೪ ಡಿಗ್ರಿ ಸೆಲ್ಷಿಯಸ್ಸಿನ ಕೆಳಗೆ ಗಟ್ಟಿಕಟ್ಟುತ್ತದೆ. ನಮ್ಮ ಕಡೆಯ ಚಳಿಗಾಲದ ಮುಂಜಾವು ಅದಕ್ಕಿಂತ ತಣ್ಣಗಿರುತ್ತದೆ. ದ್ರವದ ಘನೀಕರಣವನ್ನು ಅವನ ಆಟಿಕೆಯು ದಿನಕ್ಕೊಮ್ಮೆ ಪ್ರದರ್ಶಿಸುತ್ತಿತ್ತು. ಈ ಉದಾಹರಣೆಗೆ ಸಮನಾದದ್ದನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಓದಿಲ್ಲ.

ಪೆಟ್ರೋಲಿಯಂ ಮೂಲದ ಎಣ್ಣೆಗಳಿಂದಲೂ ದೂರವಿರುವುದು ಲೇಸು. ಬಹುಪಾಲು ಘನಗಳನ್ನು ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನಿಂದ ಎರಕ ಹೊಯ್ಯುತ್ತಾರೆ. ಅಂಥ ಕೆಲವು ಎಣ್ಣೆಗಳೂ ದ್ರಾವಕಗಳೂ ಆ ಪ್ಲಾಸ್ಟಿಕ್ಕಿನೊಳಕ್ಕೆ ಇಳಿದು, ಒತ್ತಡವಿರುವ ಕಡೆ ಬಿರುಕು ಬಿಡಿಸುತ್ತವೆ. ಸಿಲಿಕೋನ್ ಎಣ್ಣೆಗಳು ಹೀಗೆ ಮಾಡುವುದಿಲ್ಲ. ಬಿಸಿ ತಣ್ಣಗಳಿಂದ ಅವುಗಳ ಸ್ನಿಗ್ಧತೆ ಬದಲಾಗುವುದೂ ಕಡಿಮೆ. ಆಟದ ಮೋಟಾರು ಗಾಡಿಗಳ ಡಿಫರೆನ್ಷಿಯಲ್ಲಿಗೆ ಹಾಕುವ ಸಿಲಿಕೋನ್ ಎಣ್ಣೆಯನ್ನು ಘನದವರು ಬಳಸುವುದುಂಟು. ನೀರಿನ ಮೂವತ್ತು ಸಾವಿರ ಪಾಲು ಸ್ನಿಗ್ಧತೆಯುಳ್ಳವೂ ಅದರಲ್ಲಿ ದೊರೆಯುತ್ತವೆ. ಹನಿಯೊಂದು ಸಾಕು. ದಪ್ಪ ಎಣ್ಣೆಯು ನಿಧಾನದ ತಿರುವನ್ನು ಅಷ್ಟಾಗಿ ತಡೆಯದೆ ವೇಗದ ತಿರುವನ್ನು ಹೆಚ್ಚಾಗಿ ತಡೆಯುತ್ತದೆ. ಒಣ ಘರ್ಷಣೆಗೆ ವೇಗದ ಗೊಡವೆ ಹೆಚ್ಚಿಲ್ಲ. ಈ ಭೇದವನ್ನು ಕರಿಹಲಗೆಯ ಮೇಲೆ ಎರಡು ಗೆರೆಗಳಾಗಿ ಎಳೆದು ತೋರಿಸುವುದಕ್ಕಿಂತ, ಎಣ್ಣೆ ಹಾಕಿದ ಘನವನ್ನೂ ಹಾಕದ ಘನವನ್ನೂ ಕೈಗೆ ಕೊಡುವುದು ಮೇಲು.

ಬಿಚ್ಚಿದ್ದನ್ನು ಮತ್ತೆ ಜೋಡಿಸುವಾಗ ಇನ್ನೊಂದು ಪಾಠ ಕಾದಿರುತ್ತದೆ. ಕೈಗೆ ಬಂದಂತೆ ಬಿಲ್ಲೆಗಳನ್ನು ತುರುಕಿ ಮುಚ್ಚಿದ ಘನವನ್ನು ಬಿಡಿಸಲು ಹೊರಟವನು ಹನ್ನೆರಡರಲ್ಲಿ ಹನ್ನೊಂದು ಪಾಲು ಸೋಲುತ್ತಾನೆ, ಎಂಥ ಜಾಣನಾದರೂ ಸೋಲುತ್ತಾನೆ. ಏಕೆಂದರೆ ಯಾವ ಮುಖವನ್ನು ತಿರುವಿದರೂ ಕೆಲವು ಸಂಗತಿಗಳು ಬದಲಾಗುವುದಿಲ್ಲ. ಮೂಲೆಬಿಲ್ಲೆಗಳ ತಿರುಚುಗಳನ್ನೆಲ್ಲ ಕೂಡಿದರೆ ಮೊತ್ತವು ಮೂರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದೇ ಮೂಲೆ ತಿರುಚಿಕೊಂಡಿರಲು ಸಾಧ್ಯವಿಲ್ಲ. ಮಗುಚಿದ ಅಂಚುಬಿಲ್ಲೆಗಳ ಸಂಖ್ಯೆ ಯಾವಾಗಲೂ ಸಮ. ಮುಖದ ಕಾಲು ತಿರುವು ನಾಲ್ಕು ಮೂಲೆಗಳನ್ನೂ ನಾಲ್ಕು ಅಂಚುಗಳನ್ನೂ ಒಟ್ಟಿಗೆ ಸುತ್ತಿಸುವುದರಿಂದ, ಮಿಕ್ಕದ್ದೆಲ್ಲ ನೆಟ್ಟಗಿದ್ದು ಎರಡೇ ಬಿಲ್ಲೆಗಳು ಸ್ಥಾನ ಬದಲಿಸಿಕೊಂಡಿರುವುದೂ ಆಗದ ಮಾತು. ಮೊದಲನೆಯ ನಿರ್ಬಂಧದಿಂದ ಮೂರರಲ್ಲಿ ಒಂದು, ಎರಡನೆಯದರಿಂದ ಎರಡರಲ್ಲಿ ಒಂದು, ಮೂರನೆಯದರಿಂದ ಎರಡರಲ್ಲಿ ಒಂದು. ಗುಣಿಸಿದರೆ ಹನ್ನೆರಡರಲ್ಲಿ ಒಂದು. ಬಿಲ್ಲೆಗಳನ್ನು ಜೋಡಿಸಬಹುದಾದ ಬಗೆಗಳು ೫೧೯,೦೨೪,೦೩೯,೨೯೩,೮೭೮,೨೭೨,೦೦೦. ತಿರುವಿ ತಲುಪಬಹುದಾದವು ೪೩,೨೫೨,೦೦೩,೨೭೪,೪೮೯,೮೫೬,೦೦೦. ಎರಡನೆಯದು ನಮ್ಮ ಎಣಿಕೆಯಲ್ಲಿ ನಾಲ್ಕು ಲಕ್ಷ ಮೂವತ್ತೆರಡು ಸಾವಿರ ಕೋಟಿ ಕೋಟಿಗೂ ಮಿಕ್ಕದ್ದು. ಇಷ್ಟು ಸ್ಥಿತಿಗಳಲ್ಲಿ ಯಾವುದೇ ಆದರೂ ೨೦ ತಿರುವುಗಳೊಳಗೆ ಬಿಡುವುದೆಂದು ೨೦೧೦ರಲ್ಲಿ ಗಣಕಯಂತ್ರಗಳ ನೆರವಿನಿಂದ ಸಾಧಿಸಿದರು. ಬಿಡಿಸುವವನು ಎಂದಿಗೂ ಸಂಧಿಸದ ಆ ಹನ್ನೊಂದು ಲೋಕಗಳನ್ನು ಬಿಚ್ಚುವವನು ಮೊದಲ ದಿನವೇ ಸಂಧಿಸುತ್ತಾನೆ. (ಗೆಳೆಯನ ಘನದ ಒಂದು ಮೂಲೆಯನ್ನು ಗುಟ್ಟಾಗಿ ತಿರುಚಿಟ್ಟು ಹಿಂದಿರುಗಿಸುವ ತುಂಟರೂ ಉಂಟು. ಗಣಿತವನ್ನು ಇಷ್ಟು ಚೆನ್ನಾಗಿ ಅನ್ವಯಿಸಿದವರನ್ನು ಶಿಕ್ಷಿಸಲು ನನಗೆ ಮನಸ್ಸು ಬಾರದು.)

ಇದೆಲ್ಲ ಸರಿ, ಆದರೆ ಈಗ ಕಾರ್ಖಾನೆಯವರೇ ಎಲ್ಲವನ್ನೂ ಹದಮಾಡಿ ಕಳುಹಿಸುವಾಗ ನಾವೇಕೆ ಬಿಚ್ಚಬೇಕು ಎಂಬ ಆಕ್ಷೇಪಣೆ ಬರುತ್ತದೆ. ಆ ಹದವು ಕಾರ್ಖಾನೆಗೆ ಎಲ್ಲಿಂದ ಬಂತೆಂಬುದನ್ನು ಆಕ್ಷೇಪಿಸುವವರು ಅರಿಯರು. ೧೯೮೨ರಲ್ಲಿ ಬುಡಾಪೆಸ್ಟಿನ ಮೊದಲ ಜಾಗತಿಕ ಸ್ಪರ್ಧೆಯನ್ನು ಮಿನ್ ಥಾಯ್ ೨೨.೯೫ ಸೆಕೆಂಡಿನಲ್ಲಿ ಗೆದ್ದರು. ಈ ಶತಮಾನದ ಮೊದಲ ದಶಕದಲ್ಲಿ ಆಟಗಾರರು ಬಿಡಿ ಭಾಗಗಳ ಕಟ್ಟನ್ನು ತರಿಸಿಕೊಂಡು, ಸ್ಪ್ರಿಂಗು ಸ್ಕ್ರೂಗಳನ್ನು ತಾವೇ ಕೂಡಿಸಿ, ಬಣ್ಣದ ಚೀಟಿಗಳನ್ನು ತಾವೇ ಅಂಟಿಸುತ್ತಿದ್ದರು. ಬಿಲ್ಲೆಗಳ ಒಳಗಿನ ಮೊನಚು ಮೂಲೆಗಳೇ ಕಚ್ಚಿಕೊಳ್ಳುತ್ತವೆಂದು ಕಂಡುಕೊಂಡು ಉಪ್ಪುಕಾಗದದಿಂದ ಅವನ್ನು ಉಜ್ಜಿ ದುಂಡಗೆ ಮಾಡಿದವರು ಅವರೇ. ಹುಡುಗರು ಮನೆಯಲ್ಲಿ ಉಜ್ಜಿದ ಆಕಾರವನ್ನು ಕಾರ್ಖಾನೆಗಳು ಆಮೇಲೆ ಎರಕದ ಅಚ್ಚಿನಲ್ಲಿಯೇ ತಂದವು. ೨೦೧೧ರಲ್ಲಿ ಬಂದ ಚೀನಾದ ದಾಯಾನ್ ಸಂಸ್ಥೆಯ ಝಾನ್‌ಚಿ ಎಂಬ ಘನದ ಅಂಚುಬಿಲ್ಲೆಗಳಿಗೆ ಸಿಡಿಯದಂತೆ ಸಣ್ಣ ಚಾಚುಗಳೂ ಇದ್ದವು.

ಅಯಸ್ಕಾಂತದ ಕಥೆಯೂ ಇಂಥದೇ. ಅಮೆರಿಕದ ಲ್ಯಾರಿ ನಿಕಲ್ಸ್ ೧೯೭೨ರಲ್ಲಿಯೇ, ಎಂದರೆ ರೂಬಿಕರಿಗಿಂತ ಮುಂಚೆ, ಎಂಟು ಬಿಲ್ಲೆಗಳನ್ನು ಅಯಸ್ಕಾಂತಗಳಿಂದ ಹಿಡಿಸಿದ ತಿರುಗುವ ಘನವೊಂದಕ್ಕೆ ಪೇಟೆಂಟ್ ಪಡೆದಿದ್ದರು. ಅದು ಮೂಲೆಗೆ ಬಿತ್ತು. ಬಹುಕಾಲದ ಮೇಲೆ ಆಟಗಾರರು ಸಣ್ಣ ನಿಯೋಡಿಮಿಯಂ ಅಯಸ್ಕಾಂತಗಳನ್ನು ಕೊಂಡು ಬಿಲ್ಲೆಗಳೊಳಗೆ ಅಂಟಿಸತೊಡಗಿದರು. ಈ ಬಾರಿ ಹಿಡಿದಿಡಲಿಕ್ಕಲ್ಲ, ಪದರವು ತೊಂಬತ್ತು ಡಿಗ್ರಿಗೆ ಬಂದಾಗ ತಾನಾಗಿ ನಿಲ್ಲಲಿಕ್ಕೆ. ಪ್ರಚ್ಛನ್ನಶಕ್ತಿಯ ಹಾದಿಯಲ್ಲಿ ತೊಂಬತ್ತು ಡಿಗ್ರಿಗೊಂದು ಹಳ್ಳ ತೋಡಿದ ಹಾಗೆ. ಕಾರ್ಖಾನೆಗಳು ಇದನ್ನು ಕೈಗೆತ್ತಿಕೊಂಡದ್ದು ೨೦೧೬ರ ಸುಮಾರಿಗೆ. ಸ್ವತಃ ಅಂಟಿಸುವವನಿಗೆ ಒಂದು ಸೊಗಸಾದ ಸಮಸ್ಯೆ ಎದುರಾಗುತ್ತದೆ. ಮೂಲೆಗೆ ಮೂರರಂತೆ ೨೪, ಅಂಚಿಗೆ ಎರಡರಂತೆ ೨೪, ಒಟ್ಟು ೪೮ ಅಯಸ್ಕಾಂತಗಳು. ಆಟದಲ್ಲಿ ಯಾವ ಮೂಲೆಯು ಯಾವ ಅಂಚಿನ ಪಕ್ಕಕ್ಕಾದರೂ ಬರಬಹುದು; ಎಲ್ಲ ಕಡೆಯೂ ಆಕರ್ಷಣೆಯೇ ಇರಬೇಕು. ಹಾಗಿರಬೇಕಾದರೆ ಅಂಚುಗಳೆಲ್ಲವೂ ಒಂದೇ ಧ್ರುವವನ್ನು, ಮೂಲೆಗಳೆಲ್ಲವೂ ಅದಕ್ಕೆ ವಿರುದ್ಧ ಧ್ರುವವನ್ನು ತೋರಬೇಕೆಂದು ಯೋಚಿಸಿ ತಿಳಿಯಬೇಕು. ಒಂದು ಅಯಸ್ಕಾಂತವು ತಲೆಕೆಳಗಾದರೂ ಆ ಬಿಲ್ಲೆಯು ಹೋದಲ್ಲೆಲ್ಲ ನೆರೆಯವರೊಡನೆ ಜಗಳವಾಡುತ್ತದೆ. ೨೦೨೩ರಲ್ಲಿ ಮ್ಯಾಕ್ಸ್ ಪಾರ್ಕ್ ಎಂಬ ಅಮೆರಿಕದ ತರುಣನು ೩.೧೩ ಸೆಕೆಂಡಿನಲ್ಲಿ ಬಿಡಿಸಿದ್ದಕ್ಕೆ ಅಭ್ಯಾಸವೂ ಹೊಸ ಸೂತ್ರಗಳೂ ಮುಖ್ಯ ಕಾರಣಗಳೇ ಸರಿ. ಆದರೆ ೧೯೮೨ರ ಘನವನ್ನು ಕೊಟ್ಟಿದ್ದರೆ ಅವನ ಬೆರಳುಗಳು ಅಷ್ಟು ವೇಗವಾಗಿ ಓಡುತ್ತಿರಲಿಲ್ಲ.

ಆಟಿಕೆಯನ್ನು ಭೌತಶಾಸ್ತ್ರದ ತರಗತಿಗೆ ತರುವುದು ಗೌರವಕ್ಕೆ ಕಡಿಮೆಯೆನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ನೀಲ್ಸ್ ಬೋರ್ ಮತ್ತು ಪೌಲಿ ಇಬ್ಬರೂ ನೆಲಕ್ಕೆ ಬಗ್ಗಿ, ತಲೆಕೆಳಗಾಗುವ ಬುಗುರಿಯೊಂದನ್ನು ಬೆರಗಿನಿಂದ ನೋಡುತ್ತಿರುವ ಛಾಯಾಚಿತ್ರ ಪ್ರಸಿದ್ಧವಾಗಿದೆ. ಇನ್ನು ಹದಗೊಳಿಸುವ ವಿದ್ಯೆಯ ಮಾತು. ಮೃದಂಗ ತಬಲಗಳ ಚರ್ಮಕ್ಕೆ ಮೆತ್ತುವ ಕರಣೆಯು ಅವುಗಳ ನಾದವನ್ನು ಹೇಗೆ ಶ್ರುತಿಬದ್ಧವಾಗಿಸುತ್ತದೆಂಬುದನ್ನು ಸರ್ ಸಿ. ವಿ. ರಾಮನ್ ೧೯೨೦ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ೧೯೩೪ರಲ್ಲಿ ಬೆಂಗಳೂರಿನಲ್ಲಿ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಅದನ್ನೇ ವಿಸ್ತರಿಸಿದರು. ಮೃದಂಗಕ್ಕೆ ಕರಣೆ ಮೆತ್ತಿ ಹದಮಾಡಿದ ಅನಾಮಿಕ ಕುಶಲಿಗಳು ಮುಂದೆ ನಡೆದಿದ್ದರು. ಶಾಸ್ತ್ರವು ಅವರ ಹಿಂದೆ ಹೋಗಿ ಕಾರಣವನ್ನು ಕೇಳಿತು.

ಹಾಗಾದರೆ ಮಾಡತಕ್ಕದ್ದೇನು? ನನ್ನ ಸೂಚನೆ ಸಣ್ಣದು. ಮೊದಲನೆಯ ವರ್ಷದ ಪ್ರಯೋಗಗಳ ಜೊತೆಗೆ ಇನ್ನೊಂದನ್ನು ಸೇರಿಸೋಣ. ಅಂಗಡಿಯಲ್ಲಿ ದೊರೆಯುವ ಅಗ್ಗದ ಘನವೇ ಸಾಕು. ನಡುಬಿಲ್ಲೆಯ ಮುಚ್ಚಳವನ್ನು ಎಬ್ಬಿಸಿದರೆ ಸ್ಕ್ರೂ ಕಾಣುವಂಥದನ್ನು ಆರಿಸಬೇಕು, ರಿವೆಟ್ ಹೊಡೆದದ್ದು ಬೇಡ. ತಿರುಗಬೇಕಾದ ಮುಖವು ನಮ್ಮ ಕಡೆ ಇರುವಂತೆ, ಹಿಂದಿನ ಎರಡು ಪದರಗಳನ್ನು ಭಾರವಾದ ಪುಸ್ತಕಗಳ ನಡುವೆ ಬಿಗಿಯಾಗಿ ಹಿಡಿಸಿ. ಮುಖದ ನಡುವಿಗೆ ಸರಿಯಾಗಿ ಒಂದು ಹಗುರವಾದ ಕಡ್ಡಿಯನ್ನು, ಎರಡು ಕಡೆಗೂ ಸಮನಾಗಿ ಚಾಚುವಂತೆ, ಅಡ್ಡಲಾಗಿ ಅಂಟಿಸಿ. ನಡುವಿನಿಂದ ೧೦ ಸೆಂಟಿಮೀಟರ್ ದೂರದಲ್ಲಿ ದಾರ ಕಟ್ಟಿ, ಪದರವು ಜಾರತೊಡಗುವವರೆಗೆ ತೂಕವನ್ನು ಏರಿಸಿ. ೨೦ ಗ್ರಾಮಿಗೆ ಜಾರಿತೆಂದಿಟ್ಟುಕೊಂಡರೆ, ತಿರುಗಿಸುವ ಬಲದ ಪರಿಮಾಣವು ೦.೦೨ × ೯.೮ × ೦.೧, ಎಂದರೆ ಸುಮಾರು ೦.೦೨ ನ್ಯೂಟನ್ ಮೀಟರ್. ಆ ಮುಖದ ಸ್ಕ್ರೂವನ್ನು ಕಾಲು ಸುತ್ತು ಬಿಗಿದು ಮತ್ತೆ ಅಳೆಯಿರಿ. ಇನ್ನೂ ಕಾಲು ಸುತ್ತು. ಹೀಗೆ ಆರೇಳು ಬಾರಿ. ಸುತ್ತುಗಳನ್ನು ಅಡ್ಡರೇಖೆಯ ಮೇಲೂ ತೂಕವನ್ನು ಲಂಬರೇಖೆಯ ಮೇಲೂ ಗುರುತಿಸಿದರೆ, ಹುಕ್ ಮತ್ತು ಅಮಾಂಟನ್ಸ್ ಇಬ್ಬರೂ ಹೇಳಿದ್ದು ಸರಿಯಾದ ಮಟ್ಟಿಗೆ ಗೆರೆಯು ನೇರವಾಗಿ ಬರಬೇಕು. ಎಲ್ಲಿ ಬಾಗುತ್ತದೋ ಅಲ್ಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಮುಟ್ಟಿರಬಹುದು. ಏಕೆಂದು ವಿದ್ಯಾರ್ಥಿಯೇ ಬಿಚ್ಚಿ ನೋಡಲಿ. ಪ್ರತಿ ಅಳತೆಯನ್ನೂ ಐದು ಬಾರಿ ಮಾಡತಕ್ಕದ್ದು. ೨೦೦೪ರಲ್ಲಿ ಸ್ಥಾಪಿತವಾದ ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ನಿನ ಸ್ಪರ್ಧೆಗಳಲ್ಲಿಯೂ ಐದು ಬಾರಿ ಬಿಡಿಸಿ, ಅತ್ಯುತ್ತಮವಾದದ್ದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು, ಮಿಕ್ಕ ಮೂರರ ಸರಾಸರಿಯನ್ನು ಹಿಡಿಯುತ್ತಾರೆ. ಅಳತೆಗಳು ಒಂದರಂತೆ ಒಂದು ಇರುವುದಿಲ್ಲವೆಂಬುದನ್ನು ಆಟಗಾರರು ಒಪ್ಪಿಕೊಂಡಿದ್ದಾರೆ. ನಮ್ಮ ದಾಖಲೆ ಪುಸ್ತಕಗಳು ಇನ್ನೂ ಒಪ್ಪಿಕೊಂಡಿಲ್ಲ.

ಪರೀಕ್ಷಕರಿಗೆ ಇದರಲ್ಲಿ ಒಂದು ತೊಡಕುಂಟು, ಅದನ್ನು ಮುಚ್ಚಿಡುವುದಿಲ್ಲ. ಗುರುತ್ವದ ವೇಗೋತ್ಕರ್ಷವೆಂದರೆ ೯.೮ ಬರಬೇಕೆಂದು ಇಬ್ಬರಿಗೂ ಮೊದಲೇ ಗೊತ್ತು. ಈ ಪ್ರಯೋಗದಲ್ಲಿ ಎರಡು ಘನಗಳು ಒಂದೇ ಉತ್ತರವನ್ನು ಕೊಡುವುದಿಲ್ಲ, ಒಂದೇ ಘನದ ಎರಡು ಮುಖಗಳೂ ಕೊಡುವುದಿಲ್ಲ. ಅಂಕಿಯನ್ನು ನೋಡಿ ಗುಣ ಹಾಕಲು ಆಗದು; ಗೆರೆಯನ್ನು ನೋಡಬೇಕು, ಅದು ಬಾಗಿದ ಕಡೆ ವಿದ್ಯಾರ್ಥಿಯನ್ನು ನಿಲ್ಲಿಸಿ ಪ್ರಶ್ನೆ ಕೇಳಬೇಕು. ಅದಕ್ಕೆ ಪರೀಕ್ಷೆಯ ದಿನ ಒಬ್ಬೊಬ್ಬರಿಗೆ ಐದು ನಿಮಿಷ ಹೆಚ್ಚು ಹಿಡಿದೀತು. ಖರ್ಚಿನ ಮಾತಾದರೆ, ಒಂದು ಸ್ಕ್ರೂ ಗೇಜಿನ ಬೆಲೆಗೆ ಇಂಥ ಘನಗಳು ಮೂರು ನಾಲ್ಕು ಬರುತ್ತವೆ. ಮುರಿದರೆ ಯಾರೂ ಲೆಕ್ಕ ಕೇಳುವುದಿಲ್ಲ.